ಹಾಸು ಚೀನಾ, ಹೊಕ್ಕು ಶಿಡ್ಲಘಟ್ಟ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎರಡು ರೈಲು ದಾರಿಗಳಿವೆ. ಒಂದಕ್ಕೊಂದು ಮಾತಿಲ್ಲ. ಆಸ್ತಿ ಪಾಲಾದ ಮೇಲೆ ಮದುವೆ ಮನೆಯಲ್ಲಿ ಮಾತ್ರ ಮುಖ ನೋಡುವ ದಾಯಾದಿಗಳ ಹಾಗೆ ಅವು ಕೂಡುವುದು ಜಿಲ್ಲೆಯ ಆಚೆ, ಯಲಹಂಕದಲ್ಲಿ. ಒಂದು ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರಕ್ಕೆ ಹೋಗುತ್ತದೆ. ಇನ್ನೊಂದು ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ. ಗೌರಿಬಿದನೂರಿನವರು ಜಿಲ್ಲಾ ಕೇಂದ್ರಕ್ಕೆ ರೈಲಿನಲ್ಲೇ ಹೋಗುತ್ತೇವೆಂದು ಹಟ ಹಿಡಿದರೆ ಬೆಂಗಳೂರಿನ ಹೊಸ್ತಿಲು ಮುಟ್ಟಿ ಬರಬೇಕು. ಯಾರೂ ಹಟ ಹಿಡಿಯುವುದಿಲ್ಲ, ಬಸ್ಸಿದೆ. ನಾವು ಹಿಡಿದೆವು.

ನಾವು ಅಂದರೆ ಚೀನಾಕ್ಕೆ ಹೋಗಬೇಕೆಂದು ಬಹಳ ಕಾಲದಿಂದ ಮಾತಾಡುತ್ತಿರುವ ಗುಂಪು. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಬ್ಯಾಂಕಿನ ಗೆಳೆಯ, ಅವನ ಹೆಂಡತಿ, ಅಂದರೆ ನನಗೆ ಅತ್ತಿಗೆ, ಮತ್ತು ಚಿಂತಾಮಣಿ ಕಡೆಯವನಾದ ನಾನು. ಬೀಜಿಂಗ್, ಷಿಯಾನ್, ಹಾಂಗ್‌ಝೌ, ಎಲ್ಲವನ್ನೂ ಬೆನ್ನಿಗೆ ಬ್ಯಾಗು ಹಾಕಿಕೊಂಡು ರೈಲಿನಲ್ಲೇ ಸುತ್ತುವುದೆಂದು ನಕ್ಷೆಯ ಮೇಲೆ ತೀರ್ಮಾನವಾಗಿತ್ತು. ಅತ್ತಿಗೆ ಮಾತ್ರ, "ಮೊದಲು ಆ ಬ್ಯಾಗು ಹೊತ್ಕೊಂಡು ಇಲ್ಲೇ ಎಲ್ಲಾದ್ರೂ ಓಡಾಡಿ ನೋಡೋಣ. ಬೆನ್ನು ಏನನ್ನುತ್ತೋ ಗೊತ್ತಾಗ್ಲಿ" ಅಂದರು. ತಾಲೀಮಿಗೆ ಕೋಲಾರದ ರೈಲಿಗಿಂತ ಅಗ್ಗದ್ದು ಯಾವುದಿದೆ?

ಬೆನ್ನಿಗೆ ಹೊರೆ ಕಟ್ಟಿ ತಿರುಗುವುದು ಹೊಸ ಕಾಲದ ಹುಚ್ಚಲ್ಲ ಎಂದು ಮೇಷ್ಟ್ರು ಯಲಹಂಕದಲ್ಲೇ ಶುರು ಮಾಡಿದರು. ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗನ ಹಳೆಯ ಚಿತ್ರಗಳನ್ನು ನೋಡಿ, ಬೆನ್ನ ಮೇಲೆ ಚೌಕಟ್ಟು, ಅದರ ತುಂಬ ಓಲೆ, ಗ್ರಂಥ. 7ನೇ ಶತಮಾನದಲ್ಲಿ ಆತ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದವನು. ರೇಷ್ಮೆ ಹುಳದ ಮೊಟ್ಟೆಯನ್ನು ಮುಡಿಯೊಳಗೆ ಬಚ್ಚಿಟ್ಟುಕೊಂಡು ಖೋತಾನ್ ರಾಜ್ಯಕ್ಕೆ ಸೊಸೆಯಾಗಿ ಹೋದ ರಾಜಕುಮಾರಿಯ ಕಥೆ ಬರೆದಿಟ್ಟವನೂ ಅವನೇ. ಗಡಿಯಲ್ಲಿ ಎಲ್ಲವನ್ನೂ ತಡಕಿದರೂ ರಾಜಕುಮಾರಿಯ ಮುಡಿಗೆ ಯಾರೂ ಕೈಹಾಕಲಿಲ್ಲವಂತೆ. "ಸ್ಮಗ್ಲಿಂಗು!" ಅಂದ ಬ್ಯಾಂಕಿನವನು, ಬಹಳ ಮೆಚ್ಚುಗೆಯಿಂದ.

ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಾಲ್ಟ್. ಈ ನಿಲ್ದಾಣಗಳ ಕಲ್ಲುಕಟ್ಟಡಗಳಿಗೆ ನೂರು ವರ್ಷ ದಾಟಿದೆ. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿದ್ದ ಕಾಲದವು. ಪಾಳು ಬಿದ್ದಿದ್ದವನ್ನು ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ರಿಪೇರಿ ಮಾಡಿಸಿದ್ದಾರೆ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಹಳಿ ಅಗಲವಾಗಿ ಮತ್ತೆ ರೈಲು ಕಂಡದ್ದು 2013ರಲ್ಲಿ. ನಂದಿ ಹಾಲ್ಟಿನಲ್ಲಿ ಇಳಿದು ಭೋಗನಂದೀಶ್ವರನ ಗುಡಿಗೆ ನಡೆದೆವು. ಬೆಟ್ಟದ ಮೇಲೆ ಸೂರ್ಯೋದಯ ನೋಡಲು ಬೆಂಗಳೂರಿನ ಅರ್ಧ ಜನ ಕಾರಿನಲ್ಲಿ ಸಾಲುಗಟ್ಟಿದ್ದಾಗ ಬುಡದ ಗುಡಿಯಲ್ಲಿ ನಾವೂ ಪೂಜಾರಿಯೂ ಮಾತ್ರ. ಉಮಾಮಹೇಶ್ವರ ಮಂಟಪದ ಕಪ್ಪು ಕಲ್ಲಿನ ಕಂಬಗಳ ಮೇಲೆ ಅಂಗೈ ಇಟ್ಟರೆ ಉಳಿದ ಕಲ್ಲಿಗಿಂತ ತಣ್ಣಗೆ. ಬೆಟ್ಟ ಬಿಟ್ಟು ಗುಡಿ ನೋಡಿದವರು ಜಾಣರು ಎಂಬುದು ನನ್ನ ಅಭಿಪ್ರಾಯ. ನಂದಿ ಬೆಟ್ಟದ ಅಭಿಮಾನಿಗಳು ಕ್ಷಮಿಸಬೇಕಿಲ್ಲ.

ಮುಂದಿನ ಗಾಡಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಹತ್ತಿದ ಒಬ್ಬರು ನಮ್ಮೆದುರಿಗೆ ಕೂತರು. ವಯಸ್ಸಾದವರು, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರು. ನಮ್ಮ ಬ್ಯಾಗುಗಳನ್ನು ಒಂದೊಂದಾಗಿ ನೋಡಿದರು.

"ಎಲ್ಲಿಗ್ ಸಾರ್, ಇಷ್ಟ್ ದೊಡ್ಡ ಲಗೇಜು?"

"ಚೀನಾಕ್ಕೆ" ಅಂದ ಬ್ಯಾಂಕಿನವನು.

ಅವರು ನಗಲಿಲ್ಲ. "ಹಂಗಾದ್ರೆ ಅಲ್ಲಿ ಒಂದ್ ಮಾತು ಹೇಳ್ಬುಡಿ ಸಾರ್. ನೂಲು ಕಳಿಸ್ಬೇಡಿ ಅಂತ."

ಅಲ್ಲಿಂದ ಬೋಗಿಯಲ್ಲಿ ಚೀನಾದ್ದೇ ಮಾತು. ಇತ್ತ ಕಡಲೆಕಾಯಿ ಸುಲಿಯುತ್ತಿದ್ದವನು, ಅತ್ತ ಸೊಪ್ಪಿನ ತೋಟದವನು, ಕಿಟಕಿ ಪಕ್ಕದ ಹುಡುಗ, ಎಲ್ಲರಿಗೂ ಚೀನಾ ಗೊತ್ತು. ಯಾರೂ ನೋಡಿಲ್ಲ, ಆದರೆ ನಮ್ಮ ಹಾಗೆ ನಕ್ಷೆ ಇಟ್ಟುಕೊಂಡು ಕಲ್ಪಿಸಿಕೊಳ್ಳಬೇಕಾದ ದೇಶವಲ್ಲ ಅದು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ನೆಲಕಚ್ಚಿದ್ದನ್ನು ರೀಲರು ಮನೆಯಲ್ಲಿ ಸಾವಾದದ್ದನ್ನು ಹೇಳುವ ಹಾಗೆ ಹೇಳಿದರು. ಎರಡು ವರ್ಷದ ಮೇಲೆ ಸುಂಕ 15ಕ್ಕೆ ಏರಿತು, ಅಷ್ಟರೊಳಗೆ ಎಷ್ಟೋ ಜನ ಹಿಪ್ಪುನೇರಳೆ ಕಿತ್ತಾಗಿತ್ತು. ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುತ್ತಿತ್ತು, ಬೈಗುಳ ಉರ್ದುವಿನಲ್ಲಿ. ನಮ್ಮ ಸೀಮೆಯ ರೀತಿಯೇ ಅದು.

ಶಿಡ್ಲಘಟ್ಟದಲ್ಲಿ ಇಳಿದಾಗ ರೀಲರು ನಮ್ಮನ್ನು ಗೂಡಿನ ಮಾರುಕಟ್ಟೆಗೆ ಕರೆದುಕೊಂಡೇ ಹೋದರು. ಚೀನಾಕ್ಕೆ ಹೋಗುವವರು ಇದನ್ನು ನೋಡದೆ ಹೋಗಬಾರದಂತೆ. ಸಾಲುಸಾಲು ಜಾಲರಿಗಳಲ್ಲಿ ಹಳದಿ ಛಾಯೆಯ ಗೂಡು, ಅಲ್ಲಲ್ಲಿ ಅಚ್ಚ ಬಿಳಿಯ ಬೈವೋಲ್ಟೀನ್ ತಳಿಯದು. ಹರಾಜು ಈಗ ಮೊಬೈಲಿನಲ್ಲಿ, ಕೂಗಾಟವಿಲ್ಲ. ಆದರೆ ಕೈ ಇನ್ನೂ ಮೊಬೈಲನ್ನು ನಂಬಿಲ್ಲ. ನಮ್ಮ ರೀಲರು ಒಂದು ಲಾಟಿನ ಹೊಟ್ಟೆಗೆ ಕೈ ತೂರಿಸಿ ತಳದ ಗೂಡು ಹಿಡಿದೆತ್ತಿದರು. ಮೇಲಿನದು ರೈತ ತೋರಿಸಲು ಇಟ್ಟದ್ದು, ತಳದ್ದು ನಿಜ. ಎರಡು ಬೆರಳಲ್ಲಿ ಒತ್ತಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಹುಳ ಕದಲಿದರೆ ಒಂದು ಸದ್ದು, ಕೊಳೆತು ಅಂಟಿದ್ದರೆ ಸದ್ದೇ ಇಲ್ಲ. ಅತ್ತಿಗೆಯೂ ಒಂದನ್ನು ಅಲ್ಲಾಡಿಸಿ, ಕೇಳಿಸಿತು ಅಂದರು. ನನಗೆ ಕೇಳಿಸಲಿಲ್ಲ.

ರೀಲರ ಶೆಡ್ಡಿನಲ್ಲಿ ಬೇಯುವ ಗೂಡಿನ ವಾಸನೆ ಬಾಗಿಲಲ್ಲೇ ಎದುರಾಗುತ್ತದೆ. ಮೊದಲ ಐದು ನಿಮಿಷ ನಿಂತರೆ ಆಮೇಲೆ ನಿಲ್ಲಬಹುದು. ಬಿಸಿನೀರಿನ ಬೇಸಿನ್ನಿನ ಮುಂದೆ ಕೂತ ಹೆಂಗಸಿನ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗಾಗಿದ್ದವು. ತೇಲುವ ಗೂಡಿನ ಎಳೆಯ ತುದಿ ಹುಡುಕಿ ಓಡುತ್ತಿರುವ ನೂಲಿಗೆ ತಗುಲಿಸುತ್ತಿದ್ದರು, ನಮ್ಮ ಕಣ್ಣಿಗೆ ತುದಿಯೇ ಕಾಣದು. ಒಂದೊಂದು ಗೂಡಿನಲ್ಲೂ ಹೆಚ್ಚುಕಡಿಮೆ ಕಿಲೋಮೀಟರ್ ಉದ್ದದ ಎಳೆಯಿರುತ್ತದೆ. ರೈಲಿನಲ್ಲಿ ಕೂತು ದೂರ ಲೆಕ್ಕ ಹಾಕುತ್ತಿದ್ದ ಮೇಷ್ಟ್ರು, ಒಂದು ಬೊಗಸೆ ಗೂಡು ಬಿಚ್ಚಿದರೆ ಚಿಂತಾಮಣಿ ಮುಟ್ಟಬಹುದು ಅಂದರು. ಅಷ್ಟರಲ್ಲಿ ಯಂತ್ರದ ಮಾತು ಬಂತು. ನಮ್ಮ ರೇಷ್ಮೆ ಸೀಮೆಗೆ ಬಂದಿರುವ ಆಟೋಮ್ಯಾಟಿಕ್ ರೀಲಿಂಗ್ ಯಂತ್ರಗಳಲ್ಲಿ ಹೆಚ್ಚಿನವು ಚೀನಾದವೇ. ಬ್ಯಾಂಕಿನವನು ಅದನ್ನೇ ಹಿಡಿದು ಕೆಣಕಿದ. ರೀಲರು ಕದಲಲಿಲ್ಲ: "ಯಂತ್ರ ಬರ್ಲಿ ಸಾರ್. ನೂಲು ಬ್ಯಾಡ."

ಚಿಂತಾಮಣಿಯ ಬಗ್ಗೆ ಹೆಚ್ಚು ಹೇಳಿದರೆ ಊರಿನ ಮೋಹ ಅಂದುಕೊಳ್ಳುತ್ತೀರಿ. ಕೈವಾರದಲ್ಲಿ ಸಂತ ತಾತಯ್ಯನ ಮಠಕ್ಕೆ ಹೋದೆವು, ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳೊಳಗೆ ಅಡ್ಡಾಡಿದೆವು, ನಮ್ಮನೆಯಲ್ಲಿ ಹಿತಕಿದಬೇಳೆ ಸಾರು, ಮುದ್ದೆ ಉಂಡು ಮಲಗಿದೆವು. ಬೆನ್ನು ಏನನ್ನುತ್ತದೆಂಬುದು ಎಲ್ಲರಿಗೂ ಆ ರಾತ್ರಿ ಗೊತ್ತಾಯಿತು.

ಮರುದಿನ ಹಟದಂತೆ ಯಲಹಂಕಕ್ಕೆ ವಾಪಸು ಬಂದು ಇನ್ನೊಂದು ಹಳಿ ಹಿಡಿದೆವು. ದೊಡ್ಡಬಳ್ಳಾಪುರದಲ್ಲಿ ಹತ್ತಿದ ಹೆಂಗಸು ಗೌರಿಬಿದನೂರಿನ ಮಗಳ ಮನೆಗೆ ಹೊರಟವರು. ಮನೆಯಲ್ಲಿ ಪವರ್‌ಲೂಮ್ ಇದೆಯಂತೆ. ಮಾಕಳಿದುರ್ಗದ ಬೆಟ್ಟ ಕಿಟಕಿಗೆ ಬಂದು ನಿಂತಾಗ ನಾವೆಲ್ಲ ಫೋಟೋ ತೆಗೆಯಲು ಎದ್ದರೆ ಅವರು ನಮ್ಮ ಬ್ಯಾಗು ಕಾಯುತ್ತ ಅತ್ತಿಗೆಯನ್ನು ವಿಚಾರಿಸಿಕೊಂಡರು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ.

"ಚೀನಾಕ್ಕೇನಮ್ಮ? ಬರ್ತಾ ಒಳ್ಳೇ ನೂಲು ಸಿಕ್ಕುದ್ರೆ ತನ್ನಿ."

ಮೇಷ್ಟ್ರು ಬೆಟ್ಟ ಬಿಟ್ಟು ಬಂದು ಕೂತರು. ಆಕೆ ವಿವರಿಸಿದರು. ಮಗ್ಗದ ಹಾಸಿಗೆ, ಅಂದರೆ ಉದ್ದದ ಎಳೆಗೆ, ಕೊನೆಯವರೆಗೂ ಒಂದೇ ಸಮ ಇರುವ ನೂಲು ಬೇಕು, ಇಲ್ಲದಿದ್ದರೆ ಓಡುವ ಮಗ್ಗದಲ್ಲಿ ಎಳೆ ಪಟಪಟ ಹರಿಯುತ್ತದೆ. ಹರಿದದ್ದನ್ನು ಗಂಟು ಹಾಕುತ್ತ ಕೂತರೆ ಕೂಲಿ ಹುಟ್ಟುವುದಿಲ್ಲ. ಅದಕ್ಕೇ ಹಾಸಿಗೆ ಚೀನಾದ ನೂಲು. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ನಮ್ಮದೇ ಶಿಡ್ಲಘಟ್ಟದ್ದು, ರಾಮನಗರದ್ದು. ನಮ್ಮದು ಕೊಂಚ ದಪ್ಪ ತೆಳು ಆದರೂ ಹೊಕ್ಕಿನಲ್ಲಿ ನಡೆಯುತ್ತದೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಸುಂಕ ಏರಿದರೆ ಅವರ ಬೀದಿಯಲ್ಲಿ ಮಗ್ಗ ನಿಲ್ಲುತ್ತದೆ, ಇಳಿದರೆ ಶಿಡ್ಲಘಟ್ಟದಲ್ಲಿ ಬೇಸಿನ್ನು ನಿಲ್ಲುತ್ತದೆ. ಒಂದೇ ಸೀರೆಯೊಳಗೆ ಎರಡೂ ಒಂದನ್ನೊಂದು ಹಿಡಿದುಕೊಂಡಿರುವುದನ್ನು ಆಕೆ ತಾವುಟ್ಟ ಸೆರಗಿನಲ್ಲೇ ತೋರಿಸಿದರು. ಅತ್ತಿಗೆ ಮೂಗಿನ ಹತ್ತಿರ ಹಿಡಿದು ನೋಡಿದರು. ರೀಲರಿಗೂ ಈಕೆಗೂ ನಡುವೆ ದೂರ ಬಹಳವಿಲ್ಲ, ಇಬ್ಬರೂ ಒಂದು ದಿನ ಯಲಹಂಕದ ಪ್ಲಾಟ್‌ಫಾರಮ್ಮಿನಲ್ಲಿ ಎದುರುಬದುರು ಕೂತರೆ ಏನು ಮಾತಾಡಿಯಾರು ಎಂದು ನಾನು ತೊಂಡೇಭಾವಿ ದಾಟುವವರೆಗೂ ಯೋಚಿಸಿದೆ. ಇಬ್ಬರದೂ ನ್ಯಾಯವೇ. ದೆಹಲಿಯಲ್ಲಿ ಸುಂಕ ಬರೆಯುವವರು ಈ ಎರಡು ಪ್ಯಾಸೆಂಜರ್ ಗಾಡಿಗಳನ್ನು ಹತ್ತಿದ್ದರೆ ಇನ್ನಷ್ಟು ಗಲಿಬಿಲಿಗೊಳ್ಳುತ್ತಿದ್ದರು, ಅದು ಒಳ್ಳೆಯದೇ.

ಗೌರಿಬಿದನೂರಿನಾಚೆಯ ವಿದುರಾಶ್ವತ್ಥದಲ್ಲಿ ಹುಡುಗಾಟ ನಿಂತಿತು. 1938ರ ಏಪ್ರಿಲ್ 25ರಂದು ಇಲ್ಲಿ ಬಾವುಟ ಹಾರಿಸಲು ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೇಷ್ಟ್ರು ಹುತಾತ್ಮರ ಸ್ತೂಪದ ಮುಂದೆ ಪಾಠ ಮಾಡಲಿಲ್ಲ, ಚಪ್ಪಲಿ ಬಿಟ್ಟು ನಿಂತರು ಅಷ್ಟೇ. ಊರಿಗೆ ಹೆಸರು ಕೊಟ್ಟ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಸುತ್ತ ನಾಗರಕಲ್ಲುಗಳು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತಿವೆ.

ವಾಪಸಾಗುವಾಗ ಗೌರಿಬಿದನೂರಿನ ನಿಲ್ದಾಣದಲ್ಲಿ ಗಾಡಿ ತಡವಾಗಿತ್ತು. ಮೇಷ್ಟ್ರು ಡೈರಿ ತೆಗೆದು ಎರಡು ಸಂದೇಶಗಳನ್ನೂ ಒಂದರ ಕೆಳಗೊಂದು ಬರೆದರು: ನೂಲು ಕಳಿಸಬೇಡಿ, ಒಳ್ಳೇ ನೂಲು ಕಳಿಸಿ. ಎರಡನ್ನೂ ಒಂದೇ ಉಸಿರಿನಲ್ಲಿ ಚೀನಾದವರಿಗೆ ಹೇಗೆ ಹೇಳುವುದೆಂದು ಚರ್ಚೆ ಶುರುವಾಯಿತು. ಮಾತಿನ ಚತುರ ಬ್ಯಾಂಕಿನವನೇ, ಅವನೇ ಹೇಳಲಿ ಎಂದು ತೀರ್ಮಾನವೂ ಆಯಿತು.

"ಹೇಳ್ತಾರೆ, ಹೇಳ್ತಾರೆ" ಅಂದರು ಅತ್ತಿಗೆ, ಚುರುಮುರಿ ಪೊಟ್ಟಣ ಬಿಚ್ಚುತ್ತ. "ಮೊದಲು ಪಾಸ್‌ಪೋರ್ಟು ಮಾಡಿಸ್ಲಿ."