ಖಾಲಿ ಬಿಟ್ಟ ಕಾಲಂ

ಅರ್ಜಿ ತುಂಬುವುದರಲ್ಲೇ ನಮ್ಮ ಅರ್ಧ ಆಯುಸ್ಸು ಕಳೆಯುತ್ತದೆ ಎಂದರೆ ತಪ್ಪಾಗಲಾರದು. ಹುಟ್ಟಿದ್ದಕ್ಕೊಂದು ಅರ್ಜಿ, ಶಾಲೆಗೊಂದು, ರೇಷನ್ ಕಾರ್ಡಿಗೊಂದು, ಕೊನೆಗೆ ಸತ್ತದ್ದಕ್ಕೂ ಒಂದು. ಮೊದಲು ಇವೆಲ್ಲ ಕಾಗದದ ಮೇಲಿದ್ದವು. ಈಗ ಬಹುಪಾಲು ಕಂಪ್ಯೂಟರಿನ ಪರದೆಗೆ ಏರಿವೆ. ಅದರಲ್ಲೇನು ವ್ಯತ್ಯಾಸ ಎಂದು ನೀವು ಕೇಳಬಹುದು. ಕಾಗದದ ಅರ್ಜಿಯನ್ನು ಒಬ್ಬ ಮನುಷ್ಯ ಓದುತ್ತಿದ್ದ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಮಕ್ಕಳ ತಾಯಂದಿರ ಪಕ್ಕ ಕುಳಿತು ಅರ್ಜಿ ತುಂಬಿಸುವ ಕೆಲಸ ಶಿಕ್ಷಕಿಯಾದ ನನಗೆ ಪ್ರತಿ ವರ್ಷವೂ ಇದ್ದದ್ದೇ. ‘ಸಲ್ಲಿಸಿ’ ಎಂಬ ಗುಂಡಿ ಒತ್ತಿದ ಮೇಲೆ ನಾವು ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಬೆಂಗಳೂರಿನಲ್ಲಿ ಇಂಥದೇ ಕೆಲಸ ಮಾಡುವ ಅಕ್ಕನ ಮಗಳನ್ನು ಕೇಳಿದೆ.

“ಡಬ್ಬಗಳಿಗೆ ಚೀಟಿ ಅಂಟಿಸಿ ದೂರದ ಅಡುಗೆಯವರಿಗೆ ಕಳಿಸಿದ ಹಾಗೆ, ಚಿಕ್ಕಮ್ಮ” ಎಂದಳು.

ಪರದೆಯ ಪ್ರತಿಯೊಂದು ಕಾಲಂಗೂ ನಮ್ಮ ಕಣ್ಣಿಗೆ ಕಾಣದ ಒಂದು ಹೆಸರಿರುತ್ತದಂತೆ. ಗುಂಡಿ ಒತ್ತಿದೊಡನೆ ಆ ಹೆಸರೂ ನಾವು ತುಂಬಿದ್ದೂ ಜೊತೆಯಾಗಿ ದೂರದ ಸರ್ವರ್ ಎಂಬ ಕಂಪ್ಯೂಟರಿಗೆ ಹೋಗುತ್ತವೆ. ಅಲ್ಲಿ ‘ಮೆಥಡ್’ ಎಂಬ ಆಜ್ಞೆಗಳ ಕಂತೆ ಕಾದಿರುತ್ತದೆ. ಅದು ಚೀಟಿ ನೋಡಿ ಡಬ್ಬ ಎತ್ತಿಕೊಳ್ಳುತ್ತದೆ. ಚೀಟಿಯ ಹೆಸರು ಒಂದಕ್ಷರ ಬೇರೆಯಾದರೂ ಮುಟ್ಟುವುದಿಲ್ಲ. ಚೀಟಿಯೇ ಇಲ್ಲದ ಡಬ್ಬ ಹೊರಡುವುದೇ ಇಲ್ಲ. 1995ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್‌ನ ಎರಡನೆಯ ಆವೃತ್ತಿಯಲ್ಲೇ ಈ ಏರ್ಪಾಡು ಇತ್ತು.

ಅಲ್ಲಿಗೆ ತಲುಪುವುದೆಲ್ಲ ಬರಿಯ ಅಕ್ಷರ. 03-06 ಎಂದು ತುಂಬಿದರೆ ಅದು ಜೂನ್ ಮೂರೋ ಮಾರ್ಚ್ ಆರೋ, ಮೆಥಡ್ ಬರೆದವರು ತೀರ್ಮಾನಿಸಿದಂತೆ. ಗುರುತು ಹಾಕದ ಚೌಕ ‘ಇಲ್ಲ’ ಎಂದು ಹೇಳುವುದಿಲ್ಲ. ಅದು ಏನನ್ನೂ ಕಳಿಸುವುದೇ ಇಲ್ಲ. ಆ ಮೌನಕ್ಕೆ ಅರ್ಥ ಕೊಡಬೇಕಾದವರೂ ಅವರೇ. ನಮಗೆ ‘ಅಮ್ಮ’ ಎಂದರೆ ಎರಡಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತಕ್ಷರ ಬಿಡಿಸಿ ನಾಲ್ಕು, ಯುಟಿಎಫ್-8ರಲ್ಲಿ ತಲಾ ಮೂರರಂತೆ 12 ಬೈಟು. ಹತ್ತೇ ಬೈಟಿನ ಜಾಗ ಇಟ್ಟಿದ್ದರೆ ಅಮ್ಮನಿಗೂ ಸ್ಥಳ ಸಾಲದು!

ಒಮ್ಮೆ ಒಬ್ಬ ತಾಯಿಯೊಡನೆ ಸೈಬರ್ ಸೆಂಟರಿಗೆ ಹೋಗಿದ್ದೆ. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ. ಹೊಟ್ಟೆಯಲ್ಲಿ ಮಗುವಿದ್ದಾಗಲೇ ಬಿಟ್ಟುಹೋದವನ ಹೆಸರು ಬರೆಯಲು ಆಕೆಗೆ ಮನಸ್ಸಿಲ್ಲ. ‘ತಂದೆಯ ಹೆಸರು’ ಎಂಬಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗದು. “ಒಂದು ಚುಕ್ಕಿ ಹಾಕಿಬಿಡಿ ಅಕ್ಕಾ, ತಗೊಳ್ಳುತ್ತೆ” ಎಂದ ಅಲ್ಲಿನ ಹುಡುಗ. ತೆಗೆದುಕೊಂಡಿತು. ಮೆಥಡ್‌ಗೆ ಬೇಕಾಗಿದ್ದುದು ತಂದೆಯಲ್ಲ, ಖಾಲಿಯಲ್ಲದ ಒಂದು ಕಾಲಂ. ಅಚ್ಚಾಗಿ ಬಂದ ಪ್ರತಿಯಲ್ಲಿ ತಂದೆಯ ಹೆಸರಿನ ಮುಂದೆ ಒಂದೇ ಒಂದು ಚುಕ್ಕಿ. ಆಕೆ ಅದನ್ನೇ ನೋಡುತ್ತ, “ನನ್ನ ಹೆಸರು ಸಾಕಾಗಲಿಲ್ವಾ ಟೀಚರ್?” ಎಂದಳು. ಮಗುವನ್ನು ಸಾಕಿದವಳು ಅವಳೊಬ್ಬಳೇ.

ಕಾಗದದ ಕಾಲದಲ್ಲಾಗಿದ್ದರೆ ಯಾರಾದರೂ ಕರುಣೆಯುಳ್ಳ ಗುಮಾಸ್ತರು ಅಂಚಿನಲ್ಲಿ ‘ತಾಯಿಯೇ ಪೋಷಕಿ’ ಎಂದು ಬರೆದು ಸಹಿ ಹಾಕುತ್ತಿದ್ದರೇನೋ. ಪರದೆಗೆ ಅಂಚಿಲ್ಲ. ಆದರೆ ಅದನ್ನು ಶಿಲಾಶಾಸನ ಎಂದುಕೊಳ್ಳಬೇಕಾಗಿಯೂ ಇಲ್ಲ. “ತಂದೆ, ತಾಯಿ, ಪೋಷಕರು, ಇವರಲ್ಲಿ ಒಬ್ಬರ ಹೆಸರಿದ್ದರೆ ಸಾಕು ಅಂತ ಬರೆಯೋದು ನಾಲ್ಕೈದು ಸಾಲಿನ ಕೆಲಸ ಚಿಕ್ಕಮ್ಮ. ಪರದೆಯಲ್ಲಿ ನಕ್ಷತ್ರ ತೆಗೆದರೆ ಸಾಲದು, ಒಳಗಿನ ಮೆಥಡ್ ಕೂಡ ಒಪ್ಪಬೇಕು. ಹೀಗೆ ಬೇಕು ಅಂತ ನಮಗೆ ಯಾರಾದರೂ ಹೇಳಬೇಕಲ್ಲ?” ಎಂದಳು ಅಕ್ಕನ ಮಗಳು.

ಹೇಳಿದರೆ ಆಗುತ್ತದೆ. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಗಿ, ಅದರ ಆನ್‌ಲೈನ್ ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು, ಇವರಲ್ಲಿ ಒಬ್ಬರ ಹೆಸರು ಸಾಕೆಂದಾಯಿತು. 2018ರ ಡಿಸೆಂಬರ್ 5ರಿಂದ, ತಾಯಿಯೊಬ್ಬಳೇ ಪೋಷಕಿಯಾಗಿರುವವರಿಗೆ ಪ್ಯಾನ್ ಕಾರ್ಡಿನ ಅರ್ಜಿಯಲ್ಲೂ ತಂದೆಯ ಹೆಸರು ಕಡ್ಡಾಯವಲ್ಲ. ಒಂಟಿ ತಾಯಂದಿರು ಕೇಳಿದರು, ಕಾನೂನು ಒಪ್ಪಿತು, ಕಾಲಂ ಬಾಗಿತು.

ಆದ್ದರಿಂದ, ತಂಗಿಯರೇ, “ಕಂಪ್ಯೂಟರ್ ತಗೊಳ್ಳಲ್ಲ” ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಿ ಬರಬೇಡಿ. ಕಂಪ್ಯೂಟರಿಗೆ ಸ್ವಂತ ಹಟವೆಂಬುದಿಲ್ಲ. ಯಾರೋ ಒಬ್ಬರು ಕುರ್ಚಿಯಲ್ಲಿ ಕುಳಿತು, ಇಂಥದ್ದು ಬೇಕು, ಇಂಥದ್ದು ಬೇಡ ಎಂದು ಬರೆದಿದ್ದಾರೆ. ಆ ಕುರ್ಚಿಯಲ್ಲಿ ಈಗ ನಮ್ಮ ಮನೆಯ ಹೆಣ್ಣುಮಕ್ಕಳೂ ಕುಳಿತಿದ್ದಾರೆ. ಅವರಿಗೆ ಹೇಳೋಣ.