ನಳಿಗೆಯ ಬುಡದಲ್ಲೊಂದು ಠಸ್ಸೆ

ಹಳೇ ಪಿಸ್ತೂಲು ಎದುರಿಗಿಟ್ಟರೆ ನೋಡುವವರ ಕಣ್ಣು ಮೊದಲು ಹೋಗುವುದು ಬೆಳ್ಳಿಯ ಕುಸುರಿಯ ಮೇಲೆ. ನಾನು ಹುಡುಕುವುದು ನಳಿಗೆಯ ಬುಡ. ಅಲ್ಲಿ ಅವರೆಕಾಳಿನಷ್ಟಗಲದ ಠಸ್ಸೆಯೊಂದು ಸವೆದು ಕೂತಿರುತ್ತದೆ. ಮ್ಯೂಸಿಯಮ್ಮಿನ ಗಾಜಿಗೆ ಮೂಗು ತಾಗಿಸಿ, ಮನೆಯಲ್ಲಾದರೆ ಫೋಟೊದ ಮೇಲೆ ಭೂತಗನ್ನಡಿ ಹಿಡಿದು, ಅದನ್ನು ಓದುವುದೇ ನನ್ನ ಹುಚ್ಚು. ಗುಂಡು ಹಾರಿಸುವ ಆಸೆ ಮಾತ್ರ ಎಂದೂ ಬಂದಿಲ್ಲ. ದೀಪಾವಳಿಯ ಆನೆಪಟಾಕಿಗೇ ಕಿವಿ ಮುಚ್ಚಿಕೊಳ್ಳುವ ಆಸಾಮಿ ನಾನು.

ನಮ್ಮ ನಲ್ಲೂರಿನವರಿಗೆ ಈ ಗೀಳು ಹತ್ತಿದರೆ ಟಿಪ್ಪುವಿನ ಕೋವಿಗಳಿಂದಲೇ ಶುರುವಾಗಬೇಕು. ಪಕ್ಕದ ದೇವನಹಳ್ಳಿಗೆ 1749ರಲ್ಲಿ ಮೈಸೂರಿನ ಸೇನೆ ಮುತ್ತಿಗೆ ಹಾಕಿದಾಗಲೇ ಹೈದರಾಲಿ ದೊಡ್ಡವರ ಕಣ್ಣಿಗೆ ಬಿದ್ದದ್ದು. ಟಿಪ್ಪು ಹುಟ್ಟಿದ್ದೂ ಅಲ್ಲೇ.

ಅವನ ಕಾರ್ಖಾನೆಯ ಪಿಸ್ತೂಲನ್ನು ದೂರದಿಂದಲೇ ಗುರುತಿಸಬಹುದು: ಮೈಮೇಲೆ ಹುಲಿಪಟ್ಟೆ, ಅಂದರೆ ಬಬ್ರಿ. ಆದರೆ ಪಟ್ಟೆಯನ್ನು ಯಾರು ಬೇಕಾದರೂ ಕೆತ್ತಿಯಾರು. ಹತ್ತಿರ ಹೋದರೆ ಹೈದರನ ಹೆಸರಿನ ಅಕ್ಷರಗಳಿರುವ ಠಸ್ಸೆ, ಪಟ್ಟಣ ಎಂಬ ಊರ ಹೆಸರು (ಶ್ರೀರಂಗಪಟ್ಟಣವೇ), ಪಕ್ಕದಲ್ಲಿ ಇಸವಿ. ನನಗೆ ಹಬ್ಬವೆಂದರೆ ಈ ಇಸವಿ. ಟಿಪ್ಪು ಹಿಜರಿ ಶಕೆ ಬಿಟ್ಟು ಪೈಗಂಬರರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 4221 ಎಂದು ಕಂಡರೆ ಗಾಬರಿ ಬೇಡ, ಅದು 1224. ಅದಕ್ಕೆ 572 ಕೂಡಿಸಿ, 1796 ಬಂತು. ನಮ್ಮ ಪಂಚಾಂಗದ ಲೆಕ್ಕದಲ್ಲಿ ನಳ ಸಂವತ್ಸರ. ಅವನ ಪಂಚಾಂಗದಲ್ಲೂ ಅರವತ್ತು ವರ್ಷದ ಚಕ್ರವೇ ಇತ್ತು, ಹೆಸರುಗಳಷ್ಟೇ ಬೇರೆ. ಒಂದು ಕಬ್ಬಿಣದ ತುಂಡು ಜೋಯಿಸರ ಹತ್ತಿರ ಕೂತು ಮಾತಾಡಿದಂತಿರುತ್ತದೆ!

ಇನ್ನೊಂದು ಗುಟ್ಟು. ಚಕಮಕಿ ಕಲ್ಲಿನ ಪಿಸ್ತೂಲುಗಳಲ್ಲಿ ಕಿಡಿ ಹಾರಿಸುವ ಯಂತ್ರ ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಟಿಪ್ಪುವಿಗಾಗಿ ಮಾಡಿದ ಕೆಲವು ಜೋಡಿಗಳಲ್ಲಿ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ. ಎಡಗಡೆಯದೊಂದೇ ಸಿಕ್ಕಿತೆಂದರೆ ಜೋಡಿ ಎಲ್ಲಿ ಹೋಯಿತು ಎಂದು ಕೇಳಬೇಕು.

ಎಲ್ಲಿಗೆ ಹೋಗುತ್ತದೆ, ಸಮುದ್ರ ದಾಟಿ ಹೋಗಿರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಗೆದ್ದವರು ಲೂಟಿಯನ್ನು ಸಮಿತಿ ಮಾಡಿಕೊಂಡೇ ಹಂಚಿಕೊಂಡರು. ಅಂಥ ಆಯುಧಗಳ ಹಿಡಿಯ ಮೇಲೆ ಆಮೇಲೆ ಇಂಗ್ಲಿಷಿನ ಫಲಕಗಳು ಕೂತವು: ಇಂಥ ದಿನ, ಇಂಥ ಕಡೆ ವಶವಾದದ್ದು ಅಂತ. ನಾನು ಎಲ್ಲಕ್ಕಿಂತ ಕಡಿಮೆ ನಂಬುವುದು ಈ ಫಲಕಗಳನ್ನು. ಮೆರೆಯಲಿಕ್ಕೆಂದು ಬರೆಸಿದ ಮಾತಿಗಿಂತ ಕಮ್ಮಾರಸಾಲೆಯಲ್ಲಿ ಸುತ್ತಿಗೆಯಿಂದ ಒಂದೇ ಏಟಿಗೆ ಒತ್ತಿದ ಠಸ್ಸೆಯ ಮಾತು ಗಟ್ಟಿ. ಕಂಪನಿಯವರ ಕೋವಿಗಳೂ ಹಾಗೆಯೇ. ನಾಲ್ಕು ಭಾಗ ಮಾಡಿದ ಹೃದಯದ ಚಿತ್ರ, ಒಳಗೆ ವಿ, ಇ, ಐ, ಸಿ ಎಂಬ ಅಕ್ಷರಗಳು ಕಂಡರೆ ಅದು ಈಸ್ಟ್ ಇಂಡಿಯಾ ಕಂಪನಿಯ ಸರಕು. ಹೃದಯದ ಜಾಗದಲ್ಲಿ ಎದ್ದು ನಿಂತ ಸಿಂಹವಿದ್ದರೆ 1808ರ ಈಚಿನದು ಎನ್ನಬಹುದು.

ಈ ಗುರುತುಗಳೆಲ್ಲ ಕೂದಲೆಳೆಯಷ್ಟು ಆಳದವು. ನಮ್ಮೂರಿನಲ್ಲಿ ನನಗಿರುವ ಭಯವೇ ಅದು. ನಲ್ಲೂರಿನ ಹುಣಸೆ ತೋಪು 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎನಿಸಿಕೊಂಡಿತು. ಹುಣಸೆಗೆ ಹೆಸರಾದ ಊರಲ್ಲಿ ಹಳೇ ಲೋಹ ಏನು ಕಂಡರೂ ಹುಳಿ ಹಚ್ಚಿ ತಿಕ್ಕಲು ಕೈ ತುರಿಸುತ್ತದೆ. ಹಿತ್ತಾಳೆ ಬಿಂದಿಗೆಗೆ ಅದು ಸರಿ. ಪಿಸ್ತೂಲಿಗೆ ಹಚ್ಚಿದರೆ ತುಕ್ಕಿನ ಜೊತೆ ಇಸವಿಯೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಆದ್ದರಿಂದ ಅಟ್ಟದಲ್ಲೋ ಪಾಯ ತೋಡುವಾಗಲೋ ಅಂಥದ್ದೇನಾದರೂ ಸಿಕ್ಕರೆ ಹುಳಿ ಮುಟ್ಟಿಸಬೇಡಿ, ಉಪ್ಪುಕಾಗದದಿಂದ ಉಜ್ಜಬೇಡಿ. ನಳಿಗೆಯೊಳಗೆ ಹಳೇ ಮದ್ದು ಉಳಿದಿರಬಹುದು, ಕುದುರೆ ಎಳೆದು ನೋಡುವ ಚಪಲವೂ ಬೇಡ. ಇದ್ದ ಹಾಗೇ ಬಿಟ್ಟು ಪೊಲೀಸರಿಗೆ ಹೇಳಿ, ಪುರಾತತ್ವ ಇಲಾಖೆಗೂ ತಿಳಿಸಿ.