ಮಾತ್ರೆ ಎಂದರೆ ಅಳತೆ

ಔಷಧದ ಗುಳಿಗೆಗೆ ಕನ್ನಡದಲ್ಲಿ ಮಾತ್ರೆ ಎಂಬ ಹೆಸರು ನಿಂತಿದೆ. ಛಂದಸ್ಸು ಬಲ್ಲವರಿಗೆ ಮಾತ್ರೆಯೆಂದರೆ ಅಳತೆ. ಜ್ವರದ ಔಷಧವನ್ನು ವೈದ್ಯರನ್ನು ಕೇಳಿಯೇ ಸೇವಿಸುವ ಕುಟುಂಬಗಳಲ್ಲಿಯೂ ವಿಟಮಿನ್ ವಿಷಯದಲ್ಲಿ ಈ ಎರಡನೆಯ ಅರ್ಥ ಮರೆತುಹೋಗುತ್ತದೆ. ಅದು ಶಕ್ತಿವರ್ಧಕ, ಹೆಚ್ಚಾದಷ್ಟೂ ಹಿತ ಎಂಬ ಭಾವನೆ ಬೇರೂರಿದೆ. ಹೀಗೆ ಹೆಚ್ಚಾದುದರ ಲೆಕ್ಕವನ್ನು ಅನೇಕ ವೇಳೆ ಮೊದಲು ತೋರಿಸುವುದು ಚರ್ಮ.

ಜೈನ ಗೃಹಸ್ಥರಿಗೆ ಈ ವಿಷಯ ಹೊರಗಿನದಲ್ಲ. ಬಿ-12 ಎಂಬ ಜೀವಸತ್ವವನ್ನು ಸಸ್ಯಗಳು ತಯಾರಿಸಲಾರವು, ಪ್ರಾಣಿಗಳೂ ತಯಾರಿಸಲಾರವು. ಅದನ್ನು ನಿರ್ಮಿಸುವ ಶಕ್ತಿಯಿರುವುದು ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ. ಸಸ್ಯಾಹಾರಿಗೆ ಅದು ಹಾಲು, ಮೊಸರುಗಳ ಮೂಲಕ ಒದಗುತ್ತದೆ. ಹಾಲನ್ನು ಕಡಿಮೆ ಮಾಡಿದವರು, ಜಠರದ ಶಕ್ತಿ ಕುಂದಿದ ವೃದ್ಧರು, ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವ ಮಧುಮೇಹಿಗಳು ಕೊರತೆಗೆ ಬೇಗ ಒಳಗಾಗುತ್ತಾರೆ. ಕೊರತೆ ಬೆಳೆದರೆ ರಕ್ತ ಕ್ಷೀಣಿಸುತ್ತದೆ, ನಾಲಿಗೆ ಉರಿಯುತ್ತದೆ, ಪಾದ ಜುಮುಗುಟ್ಟುತ್ತದೆ. ನರಗಳಿಗಾದ ಹಾನಿ ಕೆಲವೊಮ್ಮೆ ಮತ್ತೆ ಸರಿಹೋಗುವುದೇ ಇಲ್ಲ.

ದೇಹಕ್ಕೆ ದಿನಕ್ಕೆ ಬೇಕಾದ ಬಿ-12 ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಅಂಗಡಿಯಲ್ಲಿ ದೊರೆಯುವ ಮಾತ್ರೆಯಲ್ಲಿ 500, 1000, 1500 ಮೈಕ್ರೋಗ್ರಾಂ ಇರುತ್ತದೆ. ಇದನ್ನು ಕಂಡು ಬೆಚ್ಚಬೇಕಾಗಿಲ್ಲ. ಕರುಳು ತನ್ನ ಸಹಜ ಮಾರ್ಗದಿಂದ ಒಮ್ಮೆಗೆ ಹೀರಿಕೊಳ್ಳುವುದು ಎರಡು ಮೈಕ್ರೋಗ್ರಾಂ ಆಸುಪಾಸು. ಉಳಿದುದರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಮಾತ್ರ ಜಿನುಗಿ ಒಳಸೇರುತ್ತದೆ. ಬರಿದಾದ ಉಗ್ರಾಣವನ್ನು ತುಂಬಲೆಂದೇ ವೈದ್ಯರು ದೊಡ್ಡ ಪ್ರಮಾಣ ಬರೆಯುತ್ತಾರೆ. ತುಂಬಿದ ಮೇಲೆಯೂ ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಕೊಳ್ಳುತ್ತಿರುವುದು ಮಾತ್ರ ವಿವೇಕವಲ್ಲ.

ಬಿ-12 ಸೇವಿಸುವವರಲ್ಲಿ ಕೆಲವರಿಗೆ ಮೊಡವೆಯಂತಹ ಗುಳ್ಳೆಗಳೇಳುವುದು ವೈದ್ಯರಿಗೆ ದಶಕಗಳಿಂದ ತಿಳಿದ ಸಂಗತಿ. ಹಣೆ, ಕೆನ್ನೆ, ಎದೆ, ಬೆನ್ನಿನ ಮೇಲ್ಭಾಗಗಳಲ್ಲಿ ಒಂದೇ ಬಗೆಯ ಸಣ್ಣ ಕೆಂಪು ಗುಳ್ಳೆಗಳು ಬಹುಬೇಗ ಕಾಣಿಸಿಕೊಳ್ಳುತ್ತವೆ. ಹರೆಯದ ಮೊಡವೆಯಲ್ಲಿರುವ ಕಪ್ಪು ತಲೆಗಳು ಸಾಮಾನ್ಯವಾಗಿ ಇರುವುದಿಲ್ಲ. ಇದರ ಕಾರಣದ ಮೇಲೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಸ್ವಲ್ಪ ಬೆಳಕು ಚೆಲ್ಲಿದರು. ಚರ್ಮದ ರಂಧ್ರಗಳಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯ ತನಗೆ ಬೇಕಾದ ಬಿ-12ನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ಅದು ಧಾರಾಳವಾಗಿ ಬಂದಾಗ ತನ್ನ ತಯಾರಿಕೆಯನ್ನು ತಗ್ಗಿಸಿ, ಆ ಸಾಮಗ್ರಿಯಿಂದ ಪಾರ್ಫಿರಿನ್ ಎಂಬ ಉರಿಯೂತ ತರುವ ವಸ್ತುವನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಆ ಪ್ರಯೋಗದಲ್ಲಿದ್ದವರು ಹತ್ತೇ ಮಂದಿ. ಮೊಡವೆ ಎದ್ದದ್ದು ಒಬ್ಬರಿಗೆ. ಆದುದರಿಂದ ಎಲ್ಲರೂ ಅಂಜಬೇಕಾದುದಿಲ್ಲ.

ಅಂಜಿಕೆ ಎಷ್ಟು ದುಬಾರಿಯಾಗಬಹುದೆಂಬುದು ಉತ್ತರ ಕರ್ನಾಟಕದ ಒಂದು ಅರಿವೆ ವ್ಯಾಪಾರಿಗಳ ಮನೆಯಲ್ಲಿ ಕಂಡುಬಂದಿತು. ಆ ಮನೆಯ ಮಗಳಿಗೆ ಪಾದಗಳು ಜುಮುಗುಟ್ಟುತ್ತಿದ್ದವು. ಪರೀಕ್ಷೆಯಲ್ಲಿ ಬಿ-12 ತೀರ ಕಡಿಮೆಯೆಂದು ತಿಳಿದು ವೈದ್ಯರು ಮಾತ್ರೆ ಬರೆದುಕೊಟ್ಟರು. ಮೂರನೆಯ ವಾರದಲ್ಲಿ ಹಣೆಯ ತುಂಬ ಗುಳ್ಳೆಗಳೆದ್ದವು. ಮುಂದಿನ ತಿಂಗಳು ವರನ ಕಡೆಯವರು ಬರುವವರಿದ್ದರು. “ಆ ಗುಳಿಗಿ ಬಿಟ್ಟಬಿಡವಾ, ಮಾರಿ ಮ್ಯಾಲ ಕಲಿ ಉಳದಾವು” ಎಂದರು ತಾಯಿ. ಮಾತ್ರೆ ನಿಂತಿತು, ಕೆಲವು ವಾರಗಳಲ್ಲಿ ಮುಖವೂ ತಿಳಿಯಾಯಿತು. ವೈದ್ಯರಿಗೆ ಮಾತ್ರ ಯಾರೂ ಹೇಳಲಿಲ್ಲ. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಆಕೆ ಕತ್ತಲೆಯಲ್ಲಿ ನಡೆಯುವಾಗ ತಡವರಿಸತೊಡಗಿದಳು. ಚುಚ್ಚುಮದ್ದಿನ ಚಿಕಿತ್ಸೆಯಿಂದ ಬಹಳಷ್ಟು ಗುಣವಾಯಿತಾದರೂ ಎಡಪಾದದ ಮರಗಟ್ಟುವಿಕೆ ಇಂದಿಗೂ ಹೋಗಿಲ್ಲ. ತಾಯಿಯ ಮಾತಿನಲ್ಲಿ ವಾತ್ಸಲ್ಯವಿತ್ತೇ ಹೊರತು ದುರುದ್ದೇಶವಿರಲಿಲ್ಲ. ಅಂದು ವೈದ್ಯರನ್ನು ಕಂಡಿದ್ದರೆ ಅವರು ಪ್ರಮಾಣವನ್ನು ಇಳಿಸಬಹುದಿತ್ತು, ಸೇವನೆಯ ಅಂತರ ಬದಲಿಸಬಹುದಿತ್ತು, ಇಲ್ಲವೆ ಮಾತ್ರೆಯನ್ನು ಮುಂದುವರಿಸಿಯೇ ಮೊಡವೆಗೆ ಲೇಪನ ಕೊಡಬಹುದಿತ್ತು.

ಲೇಪನವನ್ನೂ ವೈದ್ಯರೇ ಹೇಳಬೇಕು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮನ್ನು ಮುಖಕ್ಕೆ ಹಚ್ಚಿ ಚರ್ಮವನ್ನು ತೆಳುವಾಗಿಸಿಕೊಂಡವರು ನಮ್ಮ ನಾಡಿನಲ್ಲಿ ಅಸಂಖ್ಯ.

ಉಳಿದ ವಿಟಮಿನ್‌ಗಳ ಲಕ್ಷಣಗಳು ಬೇರೆ. ನಿಕೋಟಿನಿಕ್ ಆಮ್ಲವನ್ನು ಹೆಚ್ಚಾಗಿ ಸೇವಿಸಿದ ಅರ್ಧ ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗಿ ಬಿಸಿಯೇರುತ್ತವೆ. ಊಟದೊಡನೆ ಸೇವಿಸಿದರೆ ಕಡಿಮೆ. ಅದರ ಸಹೋದರ ನಿಕೋಟಿನಮೈಡ್‌ನಿಂದ ಹಾಗಾಗದು. ಎ ಜೀವಸತ್ವ ಮಿತಿಮೀರಿದರೆ ತುಟಿಯೊಡೆದು ಚರ್ಮ ಸುಲಿಯುತ್ತದೆ, ಕೂದಲುದುರುತ್ತದೆ. ಗರ್ಭಿಣಿಯರಿಗೆ ಇನ್ನೂ ಅಪಾಯ. ಬೀಟಾ ಕೆರೋಟಿನ್ ಹೆಚ್ಚಾದರೆ ಅಂಗೈ ಅಂಗಾಲು ಹಳದಿಯಾಗುತ್ತವೆ, ಕಣ್ಣಿನ ಬಿಳುಪು ಬಿಳುಪಾಗಿಯೇ ಉಳಿಯುತ್ತದೆ. ಕಾಮಾಲೆಯಲ್ಲವೆಂದು ತಿಳಿಯಲು ಅದೇ ಗುರುತು. ಗಜ್ಜರಿ ತಿನ್ನದ ಮನೆಯಲ್ಲಿಯೂ ಪರಂಗಿ, ಕುಂಬಳ, ಮಾತ್ರೆಗಳಿಂದ ಇದು ಆಗಬಹುದು. ಮೈಮೇಲೆ ದದ್ದುಗಳೆದ್ದು ತುಟಿ ಊದಿದರೆ ಅಥವಾ ಉಸಿರು ಕಟ್ಟಿದರೆ ಅದು ಅಲರ್ಜಿ. ಆಗ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆ ಸೇರಬೇಕು.

ಬಿ-6ನ್ನು ಬಹುಕಾಲ ಅತಿಯಾಗಿ ನುಂಗಿದರೂ ಕೈಕಾಲು ಜೋಮು ಹಿಡಿಯುತ್ತದೆ. ಬಿ-12ರ ಕೊರತೆಯೆಂದೇ ಬಗೆದು ಬಿ-6 ಕೂಡಿಕೊಂಡ ಮಿಶ್ರ ಮಾತ್ರೆಯನ್ನು ಇಮ್ಮಡಿ ಮಾಡುವವರಿದ್ದಾರೆ. ನರದ ಮಾತ್ರೆ, ಕೂದಲಿನ ಮಾತ್ರೆ, ಬಹುವಿಟಮಿನ್ ಎಂದು ಮೂರು ಡಬ್ಬಿಗಳಿದ್ದರೆ ಮೂರರ ಮೇಲಿನ ಅಂಕಿಗಳನ್ನು ಕೂಡಿಸಿ ನೋಡಬೇಕು. ದಿನಚರಿ ಲೆಕ್ಕ ಬರೆಯುವ ವರ್ತಕ ಸಮಾಜಕ್ಕೆ ಈ ಕೂಡುವಿಕೆ ಕಷ್ಟವೇನಲ್ಲ!

ಡಬ್ಬಿಯ ಮೇಲೆ ಓದಬೇಕಾದುದು ಇನ್ನೂ ಇದೆ. ಮೆತ್ತನೆಯ ಕ್ಯಾಪ್ಸೂಲ್‌ಗಳ ಹೊದಿಕೆ ಅನೇಕ ವೇಳೆ ಜೆಲಾಟಿನ್, ಅರ್ಥಾತ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದುದು. ಡಿ-3 ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಶಿಲಾವಲ್ಕದಿಂದ ತೆಗೆದುದೂ ದೊರೆಯುತ್ತದೆ. ಬಿ-12 ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ಬರುವ ವಸ್ತು, ವಧೆಯಿಂದ ಬರುವುದಲ್ಲ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ನಿರೂಪಿಸಿದರು. ಔಷಧವನ್ನೇ ತ್ಯಜಿಸಿರೆಂದು ಅವರು ಹೇಳಲಿಲ್ಲ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಊಟ, ವಸ್ತ್ರ, ಆಭರಣಗಳಿಗೆ ಮಿತಿ ಹಾಕಿಕೊಳ್ಳುವ ಶ್ರಾವಕರು ಈ ಡಬ್ಬಿಗಳನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬಹುದು. ಬೇಡದುದನ್ನು ಬಿಡುವುದರೊಡನೆ ಬೇಕಾದುದನ್ನು ಬಿಡದಿರುವ ಎಚ್ಚರವೂ ಅಲ್ಲಿರಲಿ.

ಬಸದಿಗಳ ಟ್ರಸ್ಟ್‌ಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ವಿಟಮಿನ್ ಮಾತ್ರೆಗಳನ್ನು ಪ್ರಸಾದದಂತೆ ಹಂಚುವ ರೂಢಿ ಅಲ್ಲಲ್ಲಿ ಇದೆ. ಔಷಧದಾನ ಶ್ರೇಷ್ಠವೇ. ಆದರೆ 60,000 ಯೂನಿಟ್‌ನ ಡಿ ಜೀವಸತ್ವವನ್ನು ವಾರಕ್ಕೊಮ್ಮೆ ಎಂದು ತಿಳಿಯದೆ ದಿನವೂ ಸೇವಿಸುವ ಪ್ರಮಾದ ಇಂತಹ ಕಡೆಯೇ ಆಗುತ್ತದೆ. ಮಾತ್ರೆಯೊಡನೆ ಕನ್ನಡದಲ್ಲಿ ಬರೆದ ಒಂದು ಚೀಟಿ ಇರಲಿ: ಎಷ್ಟು, ಎಷ್ಟು ದಿನ, ಚರ್ಮದಲ್ಲಿ ಏನಾದರೂ ಕಂಡರೆ ಯಾವ ವೈದ್ಯರನ್ನು ಕೇಳಬೇಕು, ಮತ್ತೆ ರಕ್ತಪರೀಕ್ಷೆ ಯಾವಾಗ. ಓದು ಬಾರದ ಹಿರಿಯರಿಗೆ ಶಿಬಿರದ ತರುಣರು ಅದನ್ನು ಎರಡು ಸಲ ಓದಿ ಹೇಳಲಿ.